ಕ್ಲಚ್ ಹಾಕಿದ್ದು ಸರಿ, ಮತ್ತೆ ಗೇರ್ ಯಾಕೆ ಬೀಳುವುದಿಲ್ಲ?

ನಮ್ಮಲ್ಲೊಂದು ಹಳೆ ಮಾರುತಿ ಓಮ್ನಿ ಉಂಟು. 2004ರ ಮಾಡೆಲ್. ಅಡಿಕೆ ಚೀಲ, ಹಿಂಡಿ, ಗೊಬ್ಬರ, ಬಾಳೆಗೊನೆ, ಮದುವೆಗೆ ಹೊರಟ ನೆಂಟರು - ಎಲ್ಲ ಸಾಗುವುದು ಅದರಲ್ಲೇ. ಕಂಪೆನಿ 2019ರಲ್ಲಿ ಓಮ್ನಿ ತಯಾರಿ ನಿಲ್ಲಿಸಿತು. ಆದರೂ ದಕ್ಷಿಣ ಕನ್ನಡದ ತೋಟದ ಮನೆಗಳ ಅಂಗಳದಲ್ಲಿ ಇವು ಇನ್ನೂ ಧಾರಾಳ ಕಾಣಸಿಗುತ್ತವೆ. ಬಿಡಿಭಾಗ ಸಿಗುತ್ತದೆ, ರಚನೆ ಸರಳ, ಸ್ಪ್ಯಾನರ್ ಹಿಡಿದು ಗೊತ್ತಿದ್ದವನಿಗೆ ತಾನೇ ಮಾಡಬಹುದು ಅನಿಸುವ ವಾಹನ.

ಈ 'ಅನಿಸುವುದು' ಉಂಟಲ್ಲ, ಅದರಿಂದಲೇ ನನಗೆ ಪೆಟ್ಟಾದದ್ದು. ಕಳೆದ ಜನವರಿಯಲ್ಲಿ ಕ್ಲಚ್ಚನ್ನು ಮನೆಯಲ್ಲೇ ಬದಲಿಸಿದೆ. ಬದಲಿಸುವ ಕೆಲಸ ಒಂದು ದಿನದಲ್ಲಿ ಮುಗಿಯಿತು. ಬದಲಿಸಿದ ಮೇಲೆ ಬಂದ ತೊಂದರೆ ಮುಗಿಯಲು ಎಂಟು ದಿನ ಬೇಕಾಯಿತು. ಗೇರ್‌ಬಾಕ್ಸ್ ಇಳಿಸಿದ್ದು ಮೂರು ಸಲ. ಅದರಲ್ಲಿ ಒಂದು ಸಲ ಇಳಿಸಬೇಕಾದ ಅಗತ್ಯವೇ ಇರಲಿಲ್ಲ. ಆ ಅನಗತ್ಯದ ಕೆಲಸದಲ್ಲಿ ಒಂದು ಹೊಸ ಪ್ಲೇಟು ಹಾಳಾಯಿತು, ಅಕ್ಕನ ಮಗನ ಜೀವವೂ ಸ್ವಲ್ಪದರಲ್ಲಿ ಉಳಿಯಿತು. ಕ್ಲಚ್ ಹಾಕುವುದು ಹೇಗೆಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಹಾಕಿದ ಮೇಲೆ ಸರಿ ಬಾರದಿದ್ದರೆ ಎಲ್ಲಿಂದ ನೋಡುತ್ತಾ ಬರಬೇಕು ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಬರೆಯುತ್ತೇನೆ.

ಕ್ಲಚ್ ಒಳಗೆ ಎಂತ ನಡೆಯುತ್ತದೆ

ಇದನ್ನು ತಿಳಿಯದೆ ತೊಂದರೆ ಹುಡುಕುವುದು ಕಣ್ಣು ಕಟ್ಟಿ ತೆಂಗಿನಮರ ಹತ್ತಿದ ಹಾಗೆ. ಎರಡು ಅಂಗೈಗಳ ನಡುವೆ ಒಂದು ದಪ್ಪ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಒಂದು ಅಂಗೈ ಫ್ಲೈವೀಲ್. ಅದು ಎಂಜಿನ್ನಿನ ಜತೆ ತಿರುಗುತ್ತದೆ. ಇನ್ನೊಂದು ಅಂಗೈ ಪ್ರೆಶರ್ ಪ್ಲೇಟ್. ಅದನ್ನು ಫ್ಲೈವೀಲಿಗೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ನಡುವಿನ ಬಟ್ಟೆ ಕ್ಲಚ್ ಪ್ಲೇಟ್. ಅದರ ನಡುವಿನ ಹಲ್ಲುಗಳೊಳಗೆ ಗೇರ್‌ಬಾಕ್ಸಿನ ಶಾಫ್ಟ್ ಕೂತಿರುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ.

ಪೆಡಲ್ ತುಳಿದಾಗ ಕೇಬಲ್ ಎಳೆಯುತ್ತದೆ. ಕೇಬಲ್ ಗೇರ್‌ಬಾಕ್ಸಿನ ಹೊರಗಿರುವ ಒಂದು ಲಿವರನ್ನು ಎಳೆಯುತ್ತದೆ. ಲಿವರ್ ಒಳಗಿನ ಫೋರ್ಕನ್ನು ತಿರುಗಿಸುತ್ತದೆ. ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ದೂಡಿ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳನ್ನು ಅದುಮುತ್ತದೆ. ಆಗ ಹಿಡಿತ ಸಡಿಲಾಗಿ ನಡುವಿನ ಪ್ಲೇಟು ಬಿಡುಗಡೆಯಾಗುತ್ತದೆ.

ಹಾಗಾದರೆ ಕ್ಲಚ್ಚಿನ ಮುಖ್ಯ ದೂರುಗಳು ಎರಡೇ. ಒಂದು - ಬಿಡಬೇಕಾದಾಗ ಪೂರ್ತಿ ಬಿಡುವುದಿಲ್ಲ. ಗೇರ್ ಹಾಕುವಾಗ ಕರಕರ ಸದ್ದು. ಎರಡು - ಹಿಡಿಯಬೇಕಾದಾಗ ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಏರು ಹತ್ತುವುದಿಲ್ಲ. ಉಳಿದವು ಅದುರುವಿಕೆ ಮತ್ತು ಸದ್ದು. ನನಗೆ ಮೊದಲ ಎರಡೂ ಬಂದವು, ಒಂದರ ಹಿಂದೆ ಒಂದು.

ಮೊದಲ ದಿನ

ಅಡಿಕೆ ಕೊಯ್ಲಿನ ಹೊತ್ತು. ಹೊರೆ ಹಾಕಿದರೆ ಗಾಡಿ ನಮ್ಮ ಮನೆ ಏರು ಹತ್ತುತ್ತಿರಲಿಲ್ಲ, ಸುಟ್ಟ ವಾಸನೆ ಬರುತ್ತಿತ್ತು. ಪೇಟೆಯ ಗ್ಯಾರೇಜಿನಲ್ಲಿ ಮಜೂರಿ 2,000 ರೂಪಾಯಿ, ನಾಲ್ಕು ದಿನ ಬಿಟ್ಟು ತನ್ನಿ ಅಂದರು. ಪುತ್ತೂರಿನಿಂದ ಕ್ಲಚ್ ಸೆಟ್ ತಂದೆ. ಪವರ್ ಟಿಲ್ಲರ್, ಸ್ಪ್ರೇ ಪಂಪು ಎಲ್ಲ ಬಿಚ್ಚಿ ಜೋಡಿಸಿದ ಧೈರ್ಯ ನನ್ನದು. ಡಿಪ್ಲೊಮಾ ಓದುವ ಅಕ್ಕನ ಮಗ ರಜೆಯಲ್ಲಿ ಬಂದಿದ್ದ.

ಬ್ಯಾಟರಿ ತಂತಿ ತೆಗೆದು, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಸ್ಟಾರ್ಟರ್, ಕೇಬಲ್, ತಂತಿಗಳನ್ನೆಲ್ಲ ಕಳಚಿ ಗೇರ್‌ಬಾಕ್ಸ್ ಇಳಿಸಿದೆವು. ಹಳೆ ಪ್ಲೇಟು ಸವೆದು ರಿವೆಟ್ ಫ್ಲೈವೀಲಿಗೆ ತಾಗುವುದರಲ್ಲಿತ್ತು. ಹೊಸತನ್ನು ಹಾಕಿದೆವು. ಕೈಯಾಡಿಸುವಾಗ ಹೊರಗಿನ ಲಿವರ್ ಸ್ವಲ್ಪ ಬಿಗಿ ಕಂಡಿತು. ಅದನ್ನೂ ಬಿಚ್ಚಿ ಬುಶ್ಶಿಗೆ ಗ್ರೀಸ್ ಹಾಕಿ ಪುನಃ ಕೂರಿಸಿದೆ. ಕತ್ತಲಾಗುವಾಗ ಎಲ್ಲ ಜೋಡಿಸಿ ಆಗಿತ್ತು.

ಸೆಲ್ಫ್ ಕೊಟ್ಟರೆ 'ಕಟ್' ಅಂತ ಒಂದು ಸದ್ದು, ಅಷ್ಟೆ. ಎರಡು-ಮೂರು ಸಲ ಪ್ರಯತ್ನಿಸುವಾಗ ಕ್ಲಚ್ ಕೇಬಲ್ ಮುಟ್ಟಿದರೆ ಬಿಸಿ! ಗೇರ್‌ಬಾಕ್ಸಿನ ಬೋಲ್ಟಿಗೆ ಬಿಗಿದಿದ್ದ ಅರ್ತ್ ತಂತಿ ನೇತಾಡುತ್ತಾ ಇತ್ತು. ಸ್ಟಾರ್ಟರಿನ ಅಷ್ಟೂ ಕರೆಂಟು ಹಿಂದೆ ಹೋಗಲು ದಾರಿ ಇಲ್ಲದೆ ಕೇಬಲಿನ ತಂತಿಯಲ್ಲಿ ಹರಿಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಕೇಬಲಿನ ಒಳಗಿನ ಪ್ಲಾಸ್ಟಿಕ್ ಕರಗುತ್ತಿತ್ತು. ಅರ್ತ್ ಬಿಗಿದೆವು, ಎಂಜಿನ್ ಎದ್ದಿತು.

ಮುಂದಿನ ಗೇರುಗಳು ಬಿದ್ದವು, ಸ್ವಲ್ಪ ಗಟ್ಟಿ. ರಿವರ್ಸ್ ಹಾಕಿದರೆ ಕಲ್ಲಿನ ಮೇಲೆ ಗರಗಸ ಎಳೆದ ಹಾಗೆ ಸದ್ದು. ಕೇಬಲಿನ ನಟ್ಟನ್ನು ತಿರುಗಿಸಿ ಬಿಗಿ ಮಾಡಿದೆ. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಮತ್ತೂ ತಿರುಗಿಸಿದೆ. ಮರೆ ಮುಗಿಯಿತು, ಸದ್ದು ಮುಗಿಯಲಿಲ್ಲ.

ಇಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಹಳೆ ಕೇಬಲ್, ಅದೇ ಗಾಡಿ. ಮೊದಲು ನಟ್ಟು ಮರೆಯ ನಡುವಿನಲ್ಲಿ ಇದ್ದದ್ದು ಈಗ ತುದಿಗೆ ಬಂದರೂ ಸಾಲುವುದಿಲ್ಲ ಎಂದರೆ ಹೊರಗೇ ಏನೋ ಬದಲಾಗಿದೆ ಎಂದು ಅರ್ಥ. ನಾನು ಯೋಚಿಸಲಿಲ್ಲ. ಫೋನಿನಲ್ಲಿ ಒಬ್ಬರು ಹೇಳಿದರು, "ಪ್ಲೇಟು ತಿರುಗಾಮುರುಗಾ ಹಾಕಿದ್ದೀರಿ." ಅದನ್ನೇ ನಂಬಿದೆ.

ಎರಡನೆ ದಿನ, ಬೇಡದ ಕೆಲಸ

ಮರುದಿನ ಬೆಳಗ್ಗೆ ಪುನಃ ಗೇರ್‌ಬಾಕ್ಸ್ ಇಳಿಸಿದೆವು. ಪ್ಲೇಟು ಸರಿಯಾಗಿಯೇ ಇತ್ತು. ನಡುವಿನ ಉಬ್ಬಿದ ಭಾಗ ಗೇರ್‌ಬಾಕ್ಸಿನ ಕಡೆಗೇ ಇತ್ತು. ಸಿಟ್ಟು ಬಂತು. ಸಿಟ್ಟಿನಲ್ಲಿ ಅವಸರ.

ಹಿಂದಿನ ದಿನ ಗಾಡಿಯ ಅಡಿಗೆ ಹಲಸಿನ ಮರದ ತುಂಡುಗಳನ್ನು ಇಟ್ಟಿದ್ದೆವು. ಸಂಜೆ ಅವನ್ನು ತೆಗೆದು ಅಡಿಕೆ ಅಂಗಳದ ಮೂಲೆಗೆ ಹಾಕಿ ಆಗಿತ್ತು. ಅಲ್ಲಿಂದ ಹೊತ್ತು ತರುವ ಉದಾಸೀನದಿಂದ ಕೈಗೆ ಸಿಕ್ಕಿದ ಮುರಕಲ್ಲು ಇಟ್ಟೆ. ಮಧ್ಯಾಹ್ನ ಅಕ್ಕನ ಮಗ "ಮಾವ, ನೀರು ಕುಡಿದು ಬರ್ತೇನೆ" ಅಂತ ಅಡಿಯಿಂದ ಹೊರಬಂದ. ಅವನು ಜಗಲಿ ಮುಟ್ಟುವುದರೊಳಗೆ ಎಡಬದಿಯ ಮುರಕಲ್ಲು ಎರಡು ಹೋಳಾಗಿ ಗಾಡಿ ಕೂತಿತು. ಅವನು ತಲೆ ಇಟ್ಟಿದ್ದ ಗೋಣಿಚೀಲದ ಮೇಲೆ ಕ್ರಾಸ್ ಮೆಂಬರ್ ಕೂತದ್ದನ್ನು ನಾವಿಬ್ಬರೂ ನೋಡಿದೆವು. ಸ್ವಲ್ಪ ಹೊತ್ತು ಇಬ್ಬರಿಗೂ ಮಾತು ಬರಲಿಲ್ಲ. ಅಕ್ಕನಿಗೆ ಇದನ್ನು ಹೇಳಿದ್ದು ಮೊನ್ನೆ ಮೊನ್ನೆ.

ಮುರಕಲ್ಲು ಗೋಡೆಯಲ್ಲಿ ನೂರು ವರ್ಷ ನಿಲ್ಲುತ್ತದೆ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಕಬ್ಬಿಣದ ಒಂದು ಅಂಚು ಒಂದೇ ಕಡೆ ಒತ್ತಿದರೆ ಅದು ಹೇಳದೆ ಕೇಳದೆ ಒಡೆಯುತ್ತದೆ. ಸಿಮೆಂಟಿನ ಟೊಳ್ಳು ಇಟ್ಟಿಗೆಯದೂ ಇದೇ ಕತೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೂ ಹೋಗಬಾರದು. ಮರದ ಅಗಲ ತುಂಡುಗಳನ್ನು ಅಡ್ಡ-ಉದ್ದ ಪೇರಿಸಿ, ಗಟ್ಟಿ ನೆಲದಲ್ಲಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ತಲೆ ಒಳಗೆ ಹಾಕಿ. ಈ ಲೇಖನದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಇಟ್ಟುಕೊಳ್ಳಿ.

ಕೈ ನಡುಗುತ್ತಾ ಇತ್ತು. ಹಾಗೂ ಹೀಗೂ ಮರದ ತುಂಡು ಇಟ್ಟು ಗೇರ್‌ಬಾಕ್ಸ್ ಏರಿಸಿದೆವು. ಶಾಫ್ಟು ಪ್ಲೇಟಿನ ಹಲ್ಲಿನೊಳಗೆ ಅರ್ಧ ಹೋಯಿತು, ಪೂರ್ತಿ ಹೋಗಲಿಲ್ಲ. ನಾನು ಬೋಲ್ಟ್ ಹುಡುಕಲು ಕೈ ಬಿಟ್ಟೆ. ಗೇರ್‌ಬಾಕ್ಸಿನ ಭಾರ ಒಂದೆರಡು ನಿಮಿಷ ಆ ತೆಳು ಪ್ಲೇಟಿನ ಮೇಲೆ ನೇತಾಡಿತು. ಮತ್ತೆ ಉಳಿದ ಗ್ಯಾಪನ್ನು ಬೋಲ್ಟ್ ಬಿಗಿದೇ ಮುಚ್ಚಿಸಿದೆ. ಎರಡೂ ತಪ್ಪು. ಸ್ಟಾರ್ಟ್ ಮಾಡಿದರೆ ಈಗ ಒಂದನೆ ಗೇರೂ ಬೀಳುವುದಿಲ್ಲ!

ಮೇಸ್ತ್ರಿಗಳ ಪ್ರಶ್ನೆ

ನಮ್ಮ ಊರಲ್ಲಿ ಬಸ್ಸಿನ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಎಲ್ಲರೂ ಮೇಸ್ತ್ರಿಗಳು ಅಂತಲೇ ಕರೆಯುವುದು. ಮೂರನೆ ದಿನ ಅವರನ್ನು ಕರಕೊಂಡು ಬಂದೆ. ಮಜ್ಜಿಗೆ ಕುಡಿದು ಕೇಳಿದರು:

"ಒಳಗೆ ಎಂತ ಆಗಿದೆ ಅಂತ ನನ್ನತ್ರ ಕೇಳ್ಬೇಡಿ. ಹೊರಗೆ ಎಂತೆಲ್ಲ ಬಿಚ್ಚಿದ್ದೀರಿ, ಅದನ್ನು ಒಂದೊಂದಾಗಿ ಹೇಳಿ."

ಹೇಳಿದೆ. ಲಿವರಿನ ವಿಷಯ ಬಂದಾಗ ನಿಲ್ಲಿಸಿದರು.

"ಅದನ್ನು ಯಾಕೆ ಬಿಚ್ಚಿದ್ದು?"

"ಗ್ರೀಸ್ ಹಾಕ್ಲಿಕ್ಕೆ."

"ಗುರ್ತು ಹಾಕಿದ್ದೀರಾ?"

"ಇಲ್ಲ."

"ಹಾಗಾದ್ರೆ ಟಾರ್ಚ್ ತನ್ನಿ ಮಾರಾಯ್ರೆ."

ಲಿವರ್ ಕೂರುವ ಶಾಫ್ಟಿನ ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳಿವೆ. ನಾನು ಒಂದು ಹಲ್ಲು ಆಚೆ ಕೂರಿಸಿದ್ದೆ. ಒಂದು ಹಲ್ಲು ಅಂದರೆ ನೋಡಲು ಏನೂ ಅಲ್ಲ. ಆದರೆ ಲಿವರಿನ ತುದಿಯಲ್ಲಿ ಅದು ಬೆರಳಿನಷ್ಟು ಅಂತರವಾಗಿ ಕೇಬಲ್ ಅಷ್ಟೂ ಸಡಿಲಾಗಿತ್ತು. ಪೆಡಲ್ ಪೂರ್ತಿ ತುಳಿದರೂ ಎಳೆತದ ಅರ್ಧಭಾಗ ಆ ಸಡಿಲನ್ನು ಎಳೆಯುವುದರಲ್ಲೇ ಮುಗಿಯುತ್ತಿತ್ತು. ಹಗ್ಗ ಉದ್ದ ಬಿಟ್ಟ ದನವನ್ನು ಎಳೆದ ಹಾಗೆ - ನೀವು ನಾಲ್ಕು ಹೆಜ್ಜೆ ಹೋದ ಮೇಲೆ ದನ ಒಂದು ಹೆಜ್ಜೆ ಇಡುವುದು. ಮೊದಲ ದಿನವೇ ಇದನ್ನು ನೋಡಿದ್ದರೆ ಒಂದು ಬೋಲ್ಟು, ಹತ್ತು ನಿಮಿಷ. ಗೇರ್‌ಬಾಕ್ಸ್ ಮುಟ್ಟುವುದೇ ಬೇಡ ಇತ್ತು.

ಲಿವರ್ ಸರಿ ಕೂರಿಸಿದೆವು. ಒಂದನೆ ಗೇರ್ ಬಿತ್ತು. ರಿವರ್ಸ್ ಸದ್ದು ಮಾತ್ರ ಇನ್ನೂ ಇತ್ತು. ಮೇಸ್ತ್ರಿಗಳು ಎರಡು ಪರೀಕ್ಷೆ ಮಾಡಿಸಿದರು. ಇವನ್ನು ಯಾರೂ ಮಾಡಬಹುದು.

ಒಂದನೆಯದು: ಎಂಜಿನ್ ನಿಧಾನಕ್ಕೆ ಓಡುತ್ತಿರಲಿ, ಗೇರ್ ನ್ಯೂಟ್ರಲ್. ಪೆಡಲ್ ಪೂರ್ತಿ ತುಳಿದು ಹತ್ತು ಎಣಿಸುವವರೆಗೆ ಕಾಯಿರಿ. ಮತ್ತೆ ರಿವರ್ಸ್ ಹಾಕಿ. ಪ್ಲೇಟು ಸರಿಯಾಗಿ ಬಿಡುವುದಾದರೆ ಅಷ್ಟರಲ್ಲಿ ಗೇರ್‌ಬಾಕ್ಸಿನ ಶಾಫ್ಟ್ ತಿರುಗುವುದು ನಿಂತಿರುತ್ತದೆ, ಸದ್ದಿಲ್ಲದೆ ಬೀಳುತ್ತದೆ. ಕಾದ ಮೇಲೂ ಕರಕರ ಅಂದರೆ ಪ್ಲೇಟು ಇನ್ನೂ ಎಲ್ಲೋ ತಾಗುತ್ತಾ ಇದೆ. ಮುಂದಿನ ಗೇರುಗಳಲ್ಲಿ ವೇಗ ಸಮ ಮಾಡುವ ಸಿಂಕ್ರೊ ಬಳೆ ಇರುವುದರಿಂದ ಅವು ದೋಷವನ್ನು ಅಡಗಿಸುತ್ತವೆ. ರಿವರ್ಸಿಗೆ ಅದಿಲ್ಲ. ಹಾಗಾಗಿ ಸತ್ಯ ಹೇಳುವುದು ರಿವರ್ಸ್.

ಎರಡನೆಯದು: ಎಂಜಿನ್ ಬಂದ್. ಮುಂದಿನ ಎರಡೂ ಚಕ್ರಕ್ಕೆ ಗಟ್ಟಿ ಅಡ್ಡ ಕೊಟ್ಟು, ಹಿಂದಿನ ಒಂದು ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಬಿಡಿ. ಗೇರ್ ಹಾಕಿ. ಒಬ್ಬರು ಪೆಡಲ್ ತುಳಿದು ಹಿಡಿಯಲಿ, ಇನ್ನೊಬ್ಬರು ಬದಿಯಲ್ಲಿ ನಿಂತು ಚಕ್ರ ತಿರುಗಿಸಲಿ. ಚಕ್ರ ಹಗುರಾಗಿ ತಿರುಗಿದರೆ ಕ್ಲಚ್ ಬಿಡುತ್ತದೆ. ನಮ್ಮದು ಒಂದು ಸುತ್ತಿನಲ್ಲಿ ಸ್ವಲ್ಪ ಹಗುರ, ಸ್ವಲ್ಪ ಬಿಗಿ, ಪುನಃ ಹಗುರ. "ಪ್ಲೇಟು ಬಗ್ಗಿದೆ," ಅಂದರು ಮೇಸ್ತ್ರಿಗಳು. ಸುತ್ತಿನಲ್ಲಿ ಒಂದೇ ಕಡೆ ಬಿಗಿಯಾದರೆ ಬಗ್ಗಿದ್ದು, ಇಡೀ ಸುತ್ತು ಬಿಗಿಯಾದರೆ ಎಳೆತ ಸಾಲದ್ದು ಅಥವಾ ಹಲ್ಲಿನಲ್ಲಿ ಸಿಕ್ಕಿಕೊಂಡದ್ದು ಎಂದು ಅವರ ಲೆಕ್ಕ.

ಮೂರನೆ ಸಲ ಗೇರ್‌ಬಾಕ್ಸ್ ಇಳಿಯಿತು. ಪ್ಲೇಟನ್ನು ಗೇರ್‌ಬಾಕ್ಸಿನ ಶಾಫ್ಟಿಗೆ ಏರಿಸಿ ನಿಧಾನ ತಿರುಗಿಸಿದರು. ಅಂಚಿನ ಹತ್ತಿರ ಒಂದು ಪೆನ್ಸಿಲ್ ಅಲುಗದಂತೆ ಹಿಡಿದರು. ಒಂದು ಕಡೆ ಪೆನ್ಸಿಲಿಗೆ ತಾಗುತ್ತದೆ, ಎದುರು ಕಡೆ ದೂರ ಹೋಗುತ್ತದೆ. ನಾನು ನೇತಾಡಿಸಿದ್ದರ ಫಲ. ಎರಡು ದಿನದ ಹಿಂದೆ ತಂದ ಪ್ಲೇಟು ಗುಜರಿಗೆ ಹೋಯಿತು. ಅದನ್ನು ಬಡಿದು ಸರಿ ಮಾಡುವ ಯೋಚನೆ ಬೇಡ.

ಹೊಸ ಪ್ಲೇಟು ಬಂದ ಮೇಲೆ ಈ ಸಲ ಗೇರ್‌ಬಾಕ್ಸಿನ ಅಡಿಗೆ ಹಲಗೆ ಇಟ್ಟು ಇನ್ನೊಂದು ಜ್ಯಾಕ್ ಕೊಟ್ಟೆವು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದು ಸುತ್ತಲೂ ಸಮ ಇರುವಂತೆ ಎತ್ತರ ನೋಡಿಕೊಂಡು ದೂಡಿದೆವು. ಶಾಫ್ಟ್ ಹೋಗದಿದ್ದಾಗ ಮೇಸ್ತ್ರಿಗಳು ಗೇರ್ ಹಾಕಿ ಗೇರ್‌ಬಾಕ್ಸಿನ ಹಿಂದಿನ ತುದಿಯನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸಿದರು. ಹಲ್ಲಿಗೆ ಹಲ್ಲು ಸಿಕ್ಕಿ ಸರಕ್ಕನೆ ಕೂತಿತು. ಬೋಲ್ಟು ಹಾಕಿದ್ದು ಆಮೇಲೆ. ಬೋಲ್ಟ್ ಇರುವುದು ಬಿಗಿಯಲಿಕ್ಕೆ, ಎಳೆದು ತರಲಿಕ್ಕೆ ಅಲ್ಲ.

ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಸದ್ದಿಲ್ಲ.

ಮುಗಿಯಿತು ಅಂದುಕೊಂಡಾಗ

ಮೇಸ್ತ್ರಿಗಳು ಹೋಗುವ ಮೊದಲು ಪೆಡಲಿನ ಸಡಿಲ ಇಟ್ಟುಕೊಟ್ಟಿದ್ದರು. ಪೆಡಲನ್ನು ಕೈಯಿಂದ ಮೆಲ್ಲ ಒತ್ತಿದರೆ ಸುಮಾರು 20 ಮಿಲಿಮೀಟರ್ ಏನೂ ಭಾರವಿಲ್ಲದೆ ಇಳಿಯಬೇಕು, ಮತ್ತೆ ಭಾರ ಸಿಗಬೇಕು. ಅವರು ಹೋದ ಮೇಲೆ ನನಗೆ ಧೈರ್ಯ ಸಾಲಲಿಲ್ಲ. ಪುನಃ ರಿವರ್ಸ್ ಸದ್ದು ಬಂದರೆ? ಇರಲಿ ಅಂತ ನಟ್ಟನ್ನು ಇನ್ನೆರಡು ಸುತ್ತು ಬಿಗಿದೆ. ಪೆಡಲ್ ಮೇಲೆಯೇ ಹಿಡಿಯುತ್ತಿತ್ತು, ಖುಷಿಯಾಯಿತು.

ಐದನೆ ದಿನ ಅಡಿಕೆ ಚೀಲ ಹೇರಿ ಹೊರಟರೆ ಅದೇ ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ. ಹಳೆಯ ಸುಟ್ಟ ವಾಸನೆ. ಬಾಡಿಗೆ ಜೀಪು ಕರೆದು ಅಡಿಕೆ ಕಳಿಸಿದೆ. ಫೋನಿನಲ್ಲಿ ಮೇಸ್ತ್ರಿಗಳು ಕೇಳಿದ್ದು ಒಂದೇ ಮಾತು, "ಪೆಡಲಿನಲ್ಲಿ ಸಡಿಲ ಎಷ್ಟುಂಟು?" ನೋಡಿದೆ. ಶೂನ್ಯ.

ಇಲ್ಲಿ ನನ್ನ ಒಂದು ತಪ್ಪು ತಿಳುವಳಿಕೆ ಹೋಯಿತು. ಪ್ಲೇಟು ಸವೆದಂತೆ ಪೆಡಲ್ ಸಡಿಲಾಗುತ್ತದೆ, ಆಗಾಗ ಬಿಗಿಯಬೇಕು ಅಂತ ನಾನು ತಿಳಿದಿದ್ದೆ. ಕೇಬಲ್ ಕ್ಲಚ್ಚಿನಲ್ಲಿ ಆಗುವುದು ತದ್ವಿರುದ್ಧ. ಪ್ಲೇಟು ತೆಳ್ಳಗಾದಂತೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು ಬೇರಿಂಗಿನ ಕಡೆಗೆ ಬರುತ್ತವೆ, ಪೆಡಲಿನ ಸಡಿಲ ಕಡಿಮೆಯಾಗುತ್ತಾ ಹೋಗುತ್ತದೆ. ಹೊಸ ಪ್ಲೇಟಿನ ಒರಟು ಮೈ ಮೊದಲ ಓಡಾಟದಲ್ಲಿ ಸ್ವಲ್ಪ ಸವೆದು ಕೂರುವಾಗಲೂ ಇದೇ ಆಗುತ್ತದೆ. ನಾನು ಇದ್ದ ಸಡಿಲನ್ನು ಬಿಗಿದು ತೆಗೆದಿದ್ದೆ, ಉಳಿದದ್ದನ್ನು ಪ್ಲೇಟು ಕೂರುತ್ತಾ ತಿಂದಿತು. ಸದಾ ಪೆಡಲ್ ಮೇಲೆ ಕಾಲಿಟ್ಟು ಓಡಿಸಿದ ಹಾಗಾಯಿತು. ಜಾರದೆ ಎಂತ ಮಾಡೀತು? ನಟ್ಟು ಸಡಿಲಿಸಿ 20 ಮಿಲಿಮೀಟರ್ ಕೊಟ್ಟೆ. ಎಂಟನೆ ದಿನ ಅದೇ ಹೊರೆ ಹಾಕಿ ಏರು ಹತ್ತಿಸಿದೆ. ಅದೃಷ್ಟಕ್ಕೆ ಪ್ಲೇಟು ಸುಟ್ಟಿರಲಿಲ್ಲ.

ಹೊಸ ಕೇಬಲ್ ಹಾಕಿದರೆ ಮಾತ್ರ ಕೆಲವು ದಿನ ಅದು ಹಿಗ್ಗಿ ಸಡಿಲ ಹೆಚ್ಚಬಹುದು. ಹಾಗಾಗಿ ಊಹೆ ಬೇಡ. ಮೊದಲ ಒಂದು ತಿಂಗಳು ವಾರಕ್ಕೊಮ್ಮೆ ಅಳತೆಪಟ್ಟಿ ಇಟ್ಟು ನೋಡಿ. ಬೇರೆ ವಾಹನಗಳಿಗೆ ಈ ಅಳತೆ ಬೇರೆ ಇರುತ್ತದೆ. ಅದರದರ ಕೈಪಿಡಿ ನೋಡಿಯೇ ಇಡಿ.

ಲಕ್ಷಣ ನೋಡಿ ಕಾರಣ ಹುಡುಕುವ ಕ್ರಮ

ಮೇಸ್ತ್ರಿಗಳು ಹೇಳಿದ್ದು, ನಾನು ಅನುಭವಿಸಿದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ. ಪ್ರತಿ ಲಕ್ಷಣದ ಕೆಳಗೆ ಮೊದಲು ಹೊರಗಿನ ಕಾರಣ, ಕೊನೆಗೆ ಒಳಗಿನದು. ಇದೇ ಕ್ರಮದಲ್ಲಿ ನೋಡಿ.

1. ಗೇರ್ ಹಾಕುವಾಗ ಸದ್ದು, ರಿವರ್ಸಿನಲ್ಲಿ ಹೆಚ್ಚು: ಪೆಡಲ್ ಅಡಿಯಲ್ಲಿ ಮ್ಯಾಟ್ ಸಿಕ್ಕಿ ಪೂರ್ತಿ ಇಳಿಯದೆ ಇರುವುದು. ಕೇಬಲಿನ ಸಡಿಲ ಹೆಚ್ಚು. ಕೇಬಲಿನ ಹೊರಕವಚ ತನ್ನ ಗೂಡಿನಲ್ಲಿ ಸರಿ ಕೂರದೆ ಇರುವುದು. ಲಿವರ್ ಹಲ್ಲು ತಪ್ಪಿ ಕೂತಿರುವುದು. ಇಷ್ಟೂ ಸರಿ ಇದ್ದರೆ ಮಾತ್ರ ಒಳಗಿನದು - ಪ್ಲೇಟು ತಿರುಗಿ ಹಾಕಿದ್ದು, ಬಗ್ಗಿದ್ದು, ಶಾಫ್ಟಿನ ಹಲ್ಲಿನಲ್ಲಿ ತುಕ್ಕು ಹಿಡಿದು ಪ್ಲೇಟು ಜಾರದೆ ಇರುವುದು, ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗ್ ಬಿಗಿದಿರುವುದು. ಕೇಬಲ್ ಬದಲು ಎಣ್ಣೆಯ ಕ್ಲಚ್ ಇರುವ ಗಾಡಿಯಾದರೆ ಮೊದಲು ಪೈಪಿನಲ್ಲಿ ಗಾಳಿ ಸೇರಿದೆಯೇ ನೋಡಬೇಕು.

2. ಎಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ: ಪೆಡಲಿನಲ್ಲಿ ಸಡಿಲ ಇಲ್ಲದಿರುವುದು. ಕೇಬಲ್ ಒಳಗೆ ಸಿಕ್ಕಿಕೊಂಡು ಹಿಂದೆ ಬಾರದೆ ಇರುವುದು. ಒಳಗಿನದು - ಪ್ಲೇಟಿಗೆ ಎಣ್ಣೆ, ಗ್ರೀಸ್ ಮೆತ್ತಿದ್ದು. ಫ್ಲೈವೀಲ್ ಸವೆದು ಕನ್ನಡಿಯಂತೆ ನುಣುಪಾದದ್ದು. ಅಳತೆ ತಪ್ಪಿದ ಸೆಟ್. ಪರೀಕ್ಷೆ: ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಗಟ್ಟಿ ಎಳೆದು ನಾಲ್ಕನೆ ಗೇರ್ ಹಾಕಿ ಸ್ವಲ್ಪ ಎಕ್ಸಿಲೇಟರ್ ಕೊಟ್ಟು ಪೆಡಲ್ ಬಿಡಿ. ಎಂಜಿನ್ ತಟ್ಟನೆ ಬಂದ್ ಬೀಳಬೇಕು. ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತದೆ. ಒಂದೇ ಸಲ ಮಾಡಿ. ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

3. ಹೊರಡುವಾಗ ಗಾಡಿ ಅದುರುವುದು: ಎಂಜಿನ್, ಗೇರ್‌ಬಾಕ್ಸ್ ಮೌಂಟಿಂಗಿನ ಬೋಲ್ಟ್ ಸಡಿಲ ಇದೆಯೇ, ರಬ್ಬರ್ ಹರಿದಿದೆಯೇ ನೋಡಿ. ಬಿಚ್ಚಿ ಹಾಕಿದವನು ಬಿಗಿಯಲು ಮರೆಯುವುದು ಸಾಮಾನ್ಯ. ಒಳಗಿನದು - ಪ್ಲೇಟಿಗೆ ಎಣ್ಣೆ, ಫ್ಲೈವೀಲಿನಲ್ಲಿ ಸುಟ್ಟ ನೀಲಿ ಕಲೆ, ಪ್ರೆಶರ್ ಪ್ಲೇಟಿನ ಬೋಲ್ಟ್ ಒಂದು ಬದಿಯಿಂದ ಬಿಗಿದು ಓರೆಯಾದದ್ದು.

4. ವೇಗದಲ್ಲಿ ಮಾತ್ರ ಅದುರುವುದು: ಇದು ಕ್ಲಚ್ ಅಲ್ಲ. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವಾಗ ಗುರ್ತು ಹಾಕದೆ ಬೇರೆ ಬೋಲ್ಟ್ ತೂತಿಗೆ ತಿರುಗಿಸಿ ಹಾಕಿರಬಹುದು.

5. ಸದ್ದು: ಪೆಡಲ್ ತುಳಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ ಅಥವಾ ಫ್ಲೈವೀಲಿನ ನಡುವಿನ ಸಣ್ಣ ಬೇರಿಂಗ್. ನ್ಯೂಟ್ರಲಿನಲ್ಲಿ ಪೆಡಲ್ ಬಿಟ್ಟಾಗ ಸದ್ದು, ತುಳಿದಾಗ ಇಲ್ಲ ಎಂದರೆ ಗೇರ್‌ಬಾಕ್ಸಿನ ಬೇರಿಂಗ್. ಎರಡನೆಯದು ಬಂದರೆ ಓಡಿಸುವ ಮೊದಲು ಗೇರ್ ಆಯಿಲ್ ನೋಡಿ. ಓಮ್ನಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಳೆದಾಗ ಗೇರ್‌ಬಾಕ್ಸಿನ ಹಿಂದಿನಿಂದ ಎಣ್ಣೆ ಸುರಿಯುತ್ತದೆ. ಪುನಃ ತುಂಬಿಸಲು ಮರೆತವರಿದ್ದಾರೆ. ಗಾಡಿ ಸಮತಟ್ಟಾಗಿ ನಿಂತಿರುವಾಗ ಬದಿಯ ಫಿಲ್ಲರ್ ತೂತಿನಿಂದ ತೊಟ್ಟಿಕ್ಕುವವರೆಗೆ ಹಾಕಬೇಕು.

6. ಸೆಲ್ಫ್ ತಿರುಗುವುದಿಲ್ಲ, ಕೇಬಲ್ ಬಿಸಿಯಾಗುತ್ತದೆ: ಅರ್ತ್ ತಂತಿ. ನನ್ನ ಕತೆ ಮೇಲೆ ಹೇಳಿದೆ.

ಮುಚ್ಚುವ ಮೊದಲು ನೋಡಬೇಕಾದ್ದು

ಒಳಗೆ ಎಣ್ಣೆಯ ಪಸೆ ಇದ್ದರೆ ಎಲ್ಲಿಂದ ಬಂತು ಎಂದು ತಿಳಿಯದೆ ಹೊಸ ಪ್ಲೇಟು ಹಾಕಬೇಡಿ. ಕಪ್ಪಾಗಿ ತೆಳ್ಳಗಿದ್ದರೆ ಎಂಜಿನ್ನಿನ ಹಿಂದಿನ ಸೀಲು. ದಪ್ಪಗಿದ್ದು ಗಂಧಕದಂಥ ವಾಸನೆ ಬಂದರೆ ಗೇರ್‌ಬಾಕ್ಸಿನ ಮುಂದಿನ ಸೀಲು. ಸೀಲು ಅಗ್ಗ, ಅದನ್ನು ಹಾಕಲು ಪುನಃ ಗೇರ್‌ಬಾಕ್ಸ್ ಇಳಿಸುವುದು ಅಗ್ಗವಲ್ಲ.

ಹೊಸ ಪ್ರೆಶರ್ ಪ್ಲೇಟಿನ ಮೈಗೆ ತುಕ್ಕು ಬಾರದಂತೆ ಎಣ್ಣೆ ಹಚ್ಚಿರುತ್ತಾರೆ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅದನ್ನೂ ಫ್ಲೈವೀಲನ್ನೂ ಒರಸಿ. ಬೀಡಿ, ಬೆಂಕಿ ದೂರ ಇರಲಿ. ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚಿ ಒರಸಿ ತೆಗೆದು ಉಳಿದಷ್ಟು ಸಾಕು. ಹೆಚ್ಚಾದ ಗ್ರೀಸ್ ತಿರುಗುವಾಗ ಪ್ಲೇಟಿಗೇ ಹಾರುತ್ತದೆ. ಗ್ರೀಸ್ ಕೈಯಲ್ಲಿ ಪ್ಲೇಟಿನ ಮುಖ ಮುಟ್ಟಬೇಡಿ. ಬೋಲ್ಟುಗಳನ್ನು ಎದುರೆದುರು ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ.

ಒಳಗಿನ ಕಪ್ಪು ಧೂಳನ್ನು ಬಾಯಿಯಿಂದ ಊದುವುದು, ಕಂಪ್ರೆಸರ್ ಗಾಳಿ ಹೊಡೆಯುವುದು ಬೇಡ. ಹಳೆ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರಸಿ, ಬಟ್ಟೆಯನ್ನು ಬಿಸಾಡಿ.

ಗೇರ್‌ಬಾಕ್ಸ್ ಇಲ್ಲದಾಗ ಎಂಜಿನ್ನಿನ ಹಿಂಭಾಗ ಜೋಲುತ್ತದೆ. ಚೇಂಬರಿನ ಅಡಿಗೆ ಹಲಗೆ ಇಟ್ಟು ಆಧಾರ ಕೊಡಿ. ಹಲಗೆ ಇಲ್ಲದೆ ಜ್ಯಾಕ್ ಕೊಟ್ಟರೆ ಚೇಂಬರ್ ತಗ್ಗಾಗುತ್ತದೆ.

ಬಿಚ್ಚುವಾಗ ಪ್ರತಿಯೊಂದನ್ನೂ ಮಕ್ಕಳ ಹಳೆ ನೋಟುಪುಸ್ತಕದಲ್ಲಿ ಕ್ರಮವಾಗಿ ಬರೆಯಿರಿ. ಹಲ್ಲಿನ ಮೇಲೆ ಕೂರುವುದಕ್ಕೆಲ್ಲ ಉಳಿಯಿಂದ ಸಣ್ಣ ಗೀರು ಹಾಕಿ. ತೊಂದರೆ ಬಂದರೆ ಆ ಪಟ್ಟಿಯನ್ನು ಕೊನೆಯಿಂದ ಓದುತ್ತಾ ಬನ್ನಿ. ಮೊನ್ನೆ ಸರಿ ಇದ್ದದ್ದು ಇವತ್ತು ಕೆಟ್ಟಿದ್ದರೆ ನಡುವೆ ಕೈ ಹಾಕಿದವರು ನಾವೇ ತಾನೆ?

ಲಾಭವೋ ನಷ್ಟವೋ

ಉಳಿಸಲು ಹೋದ ಮಜೂರಿ 2,000 ರೂಪಾಯಿ. ಹಾಳಾದ ಪ್ಲೇಟು 1,100, ಚೆಲ್ಲಿದ ಗೇರ್ ಆಯಿಲ್ 600, ಬಾಡಿಗೆ ಜೀಪು 500. ಒಟ್ಟು 2,200. ನನ್ನ ಎಂಟು ದಿನ ಲೆಕ್ಕಕ್ಕಿಲ್ಲ. ಹಾಗಂತ ಇನ್ನು ಮುಟ್ಟುವುದಿಲ್ಲ ಅಂತ ಹೇಳಲಾರೆ. ಮುಂದಿನ ಸಲ ಒಂದೇ ದಿನದಲ್ಲಿ ಆಗುತ್ತದೆ ಎಂಬ ಧೈರ್ಯ ಉಂಟು. ಆದರೆ ಗಟ್ಟಿ ನೆಲ, ಮರದ ತುಂಡುಗಳು, ಎರಡು ಜ್ಯಾಕ್, ಜತೆಗೆ ಇನ್ನೊಬ್ಬರು - ಈ ನಾಲ್ಕು ಇಲ್ಲದಿದ್ದರೆ ಗ್ಯಾರೇಜಿಗೇ ಕೊಡಿ, ನಾಲ್ಕು ದಿನ ಕಾಯಿರಿ.

ಒಡೆದ ಆ ಮುರಕಲ್ಲಿನ ಒಂದು ಹೋಳನ್ನು ನಾನು ಎಸೆಯಲಿಲ್ಲ. ಸ್ಪ್ಯಾನರ್ ಪೆಟ್ಟಿಗೆಯ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಪೆಟ್ಟಿಗೆ ತೆಗೆಯುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ಜೀಪು, ಪಿಕಪ್, ಟಿಲ್ಲರುಗಳ ಕ್ಲಚ್ ಮನೆಯಲ್ಲೇ ಬದಲಿಸಿದವರು ನಮ್ಮಲ್ಲಿ ಹಲವರು ಇರಬಹುದು. ನಿಮಗೆ ಬಂದ ತೊಂದರೆ ಎಂತದ್ದು, ಕೊನೆಗೆ ಸಿಕ್ಕಿದ ಕಾರಣ ಯಾವುದು ಎಂದು ನಾಲ್ಕು ಸಾಲು ಬರೆದು ಪತ್ರಿಕೆಗೆ ಕಳಿಸಿ. ಒಬ್ಬ ಮಾಡಿದ ತಪ್ಪನ್ನು ಇನ್ನೊಬ್ಬ ದುಡ್ಡು ಕೊಟ್ಟು ಪುನಃ ಮಾಡುವುದು ಬೇಡ.